ಲಿಂಗಣ್ಣ ಕಂಡಕ್ಟರನ ಯುರೋಪ್ ಪಾಸು

ಲಿಂಗಣ್ಣ ಕಂಡಕ್ಟರ್ ಎಂದರೆ ಯಾದಗಿರಿಯಿಂದ ಸುರಪುರದವರೆಗೆ ಗೊತ್ತಿಲ್ಲದವರಿಲ್ಲ. ಗೊತ್ತಿದ್ದವರಲ್ಲಿ ಅರ್ಧ ಜನ ಅವನಿಂದ ಬೈಸಿಕೊಂಡವರು, ಅವರಲ್ಲಿ ನಾನೂ ಒಬ್ಬಳು. ಆಗ ನಾನು ದೋರನಹಳ್ಳಿಯಿಂದ ಶಹಾಪುರದ ಕಾಲೇಜಿಗೆ ಬಸ್ ಪಾಸಿನಲ್ಲಿ ಓಡಾಡುತ್ತಿದ್ದೆ. ಪುಣ್ಯಕ್ಕೆ ಒಂದು ಸೀಟು ಸಿಕ್ಕು ಇನ್ನೂ ಸರಿಯಾಗಿ ಕೂತಿರುತ್ತಿರಲಿಲ್ಲ, ಹಿಂದಿನಿಂದ ಆ ಗಂಟಲು ಕೇಳುತ್ತಿತ್ತು: "ಪಾಸಿನವ್ರು ಏಳ್ರಿ! ಟಿಕೆಟ್ ತಗೊಂಡವ್ರು ನಿಂತಾರ, ನೀವು ಮಹಾರಾಣಿ ಹಾಂಗ ಕುಂತೀರಿ?" ಮೈಯೆಲ್ಲ ಉರಿದುಹೋಗುತ್ತಿತ್ತು. ಪಾಸನ್ನೇನು ನಮಗೆ ಯಾರೂ ಬಿಟ್ಟಿ ಕೊಟ್ಟಿರಲಿಲ್ಲ. ಆದರೆ ಅವನ ಎದುರು ಬಾಯಿ ಬಿಡುವ ಧೈರ್ಯ ಯಾರಿಗಿತ್ತು? ತೆಪ್ಪಗೆ ಏಳುತ್ತಿದ್ದೆ.

ಈಗ ಶಹಾಪುರದ ಬಸ್ ನಿಲ್ದಾಣದ ಎದುರು ನನ್ನದೇ ಆನ್‌ಲೈನ್ ಸೆಂಟರ್ ಇದೆ. ಜಾಹೀದ ಎಲ್ಲಿ ಎಂದು ಕೇಳಿದರೆ ಯಾರಾದರೂ ತೋರಿಸುತ್ತಾರೆ. ತಿರುಪತಿ, ಶಿರಡಿ, ಅಜ್ಮೀರ, ಉಮ್ರಾ, ಎಲ್ಲ ಟಿಕೆಟ್ಟೂ ಇಲ್ಲಿಂದಲೇ. ಅದೇ ಲಿಂಗಣ್ಣ ನಿವೃತ್ತನಾಗಿ, ಹೆಂಡತಿ ಸೌಭಾಗ್ಯ ಕಾಕುವನ್ನು ಕರೆದುಕೊಂಡು ಒಂದು ದಿನ ಸುರಪುರದಿಂದ ಬಂದು ನನ್ನ ಕೌಂಟರಿನ ಮುಂದೆ ಗಿರಾಕಿಯಾಗಿ ನಿಂತ.

"ಯುರೋಪಿಗೆ ಹೋಗೋದದ. ಒಂದು ಪಾಸ್ ತಗೊಂಡ್ರ ಎಲ್ಲಾ ದೇಶದ ರೈಲೂ ಏರಬಹುದಂತಲ್ಲ, ಅದು ಮಾಡಿಕೊಡು."

"ಯಾಕ್ರಿ ಕಾಕಾ, ತಿರುಪತಿ ಬ್ಯಾಸರ ಆತೇನು?"

"ಚೇಷ್ಟಿ ಮಾಡಬ್ಯಾಡ. ಜನ್ಮ ಎಲ್ಲಾ ಬಸ್ಸಿನಾಗ ನಿಂತೇ ಕಳದೀನಿ. ಒಮ್ಮಿ ಕಿಟಕಿ ಬಾಜೂಕ ಕುಂತು ಹೋಗಬೇಕು. ಬ್ಯಾರೆ ಯಾವನರ ಬಂದು ನನ್ನ ಪಾಸ್ ನೋಡಬೇಕು. ಇಲ್ಲಿ ನನ್ನ ಟಿಕೆಟ್ ಯಾರು ಕೇಳ್ತಾರ? ಎಲ್ಲಾರೂ ನಮಸ್ಕಾರ ಅಂತಾರ."

ಇವನಿಗೂ ಪಾಸಿನ ಕಾಲ ಬಂತಲ್ಲ ಎಂದು ನಾನು ಒಳಗೊಳಗೇ ಹಿಗ್ಗಿದೆ. ಸುಳ್ಳು ಯಾಕೆ ಹೇಳಲಿ?

ಕೆಲಸ ಹಿಡಿದೆ. ಮೊದಲು ಪ್ಯಾರಿಸ್, ಅಲ್ಲಿಂದ ಸ್ವಿಟ್ಜರ್ಲೆಂಡಿನ ಜ್ಯೂರಿಕ್, ಆಮೇಲೆ ಬೆಟ್ಟ ದಾಟಿ ಇಟಲಿಯ ಮಿಲಾನ್, ಕಡೆಗೆ ವೆನಿಸ್. ವೀಸಾ ಬಂತು, ಹೋಟೆಲ್ ರೂಮುಗಳಾದವು, ಇಬ್ಬರ ಪಾಸೂ ಲಿಂಗಣ್ಣನ ಫೋನಿಗೇ ಬಂತು. ಪಾಸೇನೋ ಎಲ್ಲ ದೇಶಕ್ಕೂ ಒಂದೇ, ಆದರೆ ಕೆಲವು ಜೋರಾಗಿ ಓಡುವ ರೈಲುಗಳಲ್ಲಿ ಪಾಸಿದ್ದವರೂ ಸೀಟನ್ನು ಬೇರೆಯಾಗಿ ಕಾದಿರಿಸಬೇಕು. ಪಾಸಿನವರಿಗೆಂದು ಇಡುವ ಸೀಟುಗಳೂ ಕಡಿಮೆ. ಇದನ್ನು ಅವತ್ತೇ ಹೇಳಿದೆ, ಇನ್ನೊಮ್ಮೆ ಬಂದಾಗಲೂ ಹೇಳಿದೆ. ಲಿಂಗಣ್ಣ ಕೇಳಬೇಕಲ್ಲ!

"ಏ ಹುಚ್ಚಿ! ಸೀಟು ಹಿಡಿಯೋದು ನನಗ ಕಲಿಸ್ತಿಯೇನು? ಗಾಡಿ ನಿಂದ್ರೋದ್ರಾಗ ಕಿಟಕ್ಯಾಗಿಂದ ಟವೆಲ್ ಒಗದ್ರ ಆತು, ಸೀಟು ನಮ್ಮದು."

"ಅಲ್ಲಿ ಕಿಟಕಿ ತೆರೆಯಂಗಿಲ್ರಿ ಕಾಕಾ."

"ಬಾಗಿಲ ಅದಲ್ಲ? ಎಲ್ಲಾರಿಗಿಂತ ಮೊದ್ಲ ಏರ್ತೀನಿ. ಪಾಸ್ ತಗೊಂಡ ಮ್ಯಾಲ ಸೀಟಿಂದು ಮತ್ತೇನು ಕಿರಿಕಿರಿ?"

ನಮ್ಮ ಕಡೆ ಟವೆಲ್ ಬಿದ್ದ ಸೀಟಿನ ತಂಟೆಗೆ ಯಾರೂ ಹೋಗುವುದಿಲ್ಲ, ಹೋದರೆ ಜಗಳ ಗ್ಯಾರಂಟಿ. ಆ ಜಗಳ ಬಿಡಿಸುತ್ತಲೇ ತಲೆಗೂದಲು ಹಣ್ಣಾದವನಿಗೆ ಜಗತ್ತೆಲ್ಲ ಹೀಗೇ ನಡೆಯುತ್ತದೆ ಎನಿಸಿತ್ತು. ವಿಮಾನ ನಿಲ್ದಾಣದಲ್ಲಿ ದೂರ ನಡೆಯಬೇಕಾಗುತ್ತದೆ, ವೀಲ್‌ಚೇರ್ ಬೇಕೆಂದು ಹಾಕಲೇ ಎಂದು ಕೇಳಿದ್ದಕ್ಕೆ ಕಣ್ಣು ಕೆಂಪಗೆ ಮಾಡಿ, "ನಾ ಏನು ಹೆಣ ಅದೀನೇನು?" ಎಂದ. ಏನಾದರೂ ಮಾಡಿಕೊಳ್ಳಲಿ ಎಂದು ಸುಮ್ಮನಾದೆ.

ಹೊರಡುವ ದಿನ ಹತ್ತಿರ ಬಂದಾಗ ಸೌಭಾಗ್ಯ ಕಾಕು ಒಬ್ಬಳೇ ಬಂದಳು. ಖಟಕ್ ರೊಟ್ಟಿ, ಶೇಂಗಾ ಹಿಂಡಿ ಎಲ್ಲ ಕಟ್ಟಿಟ್ಟಾಯಿತು ಎಂದಳು. ಇದ್ದ ಗಿರಾಕಿಗಳು ಹೋಗುವತನಕ ಕಾದು, ಕೌಂಟರಿನ ಮೇಲೆ ಬಗ್ಗಿ, ಸಣ್ಣ ದನಿಯಲ್ಲಿ ಶುರುಮಾಡಿದಳು.

"ನಿಮ್ಮ ಕಾಕಾಗ ಭಾಳೊತ್ತು ನಿಂದ್ರಾಕ ಆಗಂಗಿಲ್ಲವ್ವ. ನೌಕರಿ ಕಡೀ ವರ್ಷ ಬಸ್ಸಿನ ಮೆಟ್ಟಿಲ ಮ್ಯಾಲಿಂದ ಬಿದ್ದು ಸೊಂಟದ ಎಲುಬು ಮುರದಿತ್ತಲ್ಲ, ಅದರಾಗ ರಾಡ್ ಹಾಕ್ಯಾರ. ಸ್ವಲ್ಪ ನಿಂತ್ರ ಕಾಲು ಥರಥರ ನಡಗತದ. ಮೊನ್ನಿ ಬಚ್ಚಲದಾಗ ಕುಸದ್ರು. ಇನ್ನೊಮ್ಮಿ ಬಿದ್ರ ಮತ್ತ ನಡಿಯೋದು ಕಷ್ಟ ಅಂದಾರ ಡಾಕ್ಟರ್. ಯಾರ ಮುಂದೂ ಬಾಯಿ ಬಿಡಬ್ಯಾಡ ಅಂತ ನನಗ ಆಣಿ ಹಾಕ್ಯಾರ. ಗಾಡ್ಯಾಗ ಸೀಟು ಪಕ್ಕಾ ಅದಲ್ಲವ್ವ?"

ಅವಳ ಎದುರೇ ಕಂಪ್ಯೂಟರ್ ತೆರೆದು ಹುಡುಕಿದೆ. ಮಿಲಾನಿಗೆ ಹೋಗುವ ಗಾಡಿಯಲ್ಲಿ ಇಬ್ಬರಿಗೂ ಸೀಟು ಸಿಕ್ಕಿತು, ವೆನಿಸಿನದೂ ಸಿಕ್ಕಿತು. ಪ್ಯಾರಿಸಿನಿಂದ ಜ್ಯೂರಿಕ್‌ಗೆ ಹೋಗುವ ಗಾಡಿಯಲ್ಲಿ ಮಾತ್ರ ಪಾಸಿನವರ ಪಾಲು ಮುಗಿದುಹೋಗಿತ್ತು. ಹಾಳಾಗಲಿ, ಪೂರಾ ಟಿಕೆಟ್ಟೇ ಕೊಳ್ಳೋಣ ಎಂದರೆ ಅಲ್ಲಿ ರಜೆಯ ವಾರ, ಅದೂ ಭರ್ತಿ. ಹಿಂದಿನ ದಿನ ನೋಡಿದೆ, ಮುಂದಿನ ದಿನ ನೋಡಿದೆ. ಎಲ್ಲೂ ಇಲ್ಲ. ಸೀಟಿಲ್ಲದವರು ಆ ಗಾಡಿ ಹತ್ತುವಂತೆಯೇ ಇಲ್ಲ. ಕಾಕು ನನ್ನ ಮುಖವನ್ನೇ ನೋಡುತ್ತಿದ್ದಳು. ನಾಳೆ ಇಬ್ಬರೂ ಬರ್ರಿ ಎಂದೆ.

ಮರುದಿನ ಲಿಂಗಣ್ಣ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದ. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಒಂದು ದಾರಿ ಮಾತ್ರ ಉಳಿದಿತ್ತು. ಸಣ್ಣ ಸಣ್ಣ ಊರುಗಳಲ್ಲಿ ನಿಲ್ಲುತ್ತ ಹೋಗುವ ಗಾಡಿಗಳು, ನಡುವೆ ಇಳಿದು ಬದಲಿಸಬೇಕು. ಅವುಗಳಲ್ಲಿ ಸೀಟು ಕಾದಿರಿಸುವ ಪದ್ಧತಿಯಿಲ್ಲ, ಹತ್ತುವ ಗಾಡಿಯನ್ನು ಫೋನಿನ ಪಾಸಿಗೆ ಸೇರಿಸಿಕೊಂಡರೆ ಸಾಕು, ಹತ್ತಿ ಖಾಲಿಯಿದ್ದಲ್ಲಿ ಕೂತರಾಯಿತು.

"ಖಾಲಿ ಇರಲಿಲ್ಲಂದ್ರ?" ಎಂದಳು ಕಾಕು.

"ಆಗ ಕೇಳಬೇಕ್ರಿ. ಕಾಲಿಗೆ ತ್ರಾಸ ಅದ, ಕೂಡಾಕ ಕೊಡ್ತೀರೇನ್ರಿ ಅಂದ್ರ ಯಾರರ ಏಳ್ತಾರ. ಅವರ ಭಾಷಾದಾಗ ಫೋನಿನಾಗ ಬರದು ಕೊಡ್ತೀನಿ, ತೋರ್ಸಿದ್ರ ಆತು."

ಲಿಂಗಣ್ಣ ಹೆಂಡತಿಯ ಕಡೆ ತಿರುಗಿದ. "ಕಾಲಿಂದು ಈಕಿಗ್ಯಾರು ಹೇಳಿದ್ರು?"

ಕಾಕು ತಲೆ ತಗ್ಗಿಸಿದಳು.

"ನನ್ನ ಕಾಲಿಗೆ ಏನೂ ಆಗಿಲ್ಲ!" ಅಂಗಡಿ ನಡುಗುವಂತೆ ಕೂಗಿದ. "ಬಸ್ ತುಂಬ ಮಂದೀನ ಎಬ್ಬಿಸಿದಾವ ನಾ. ಪರದೇಶಕ್ಕ ಹೋಗಿ ಸೀಟಿನ ಸಲುವಾಗಿ ಭಿಕ್ಷಾ ಬೇಡ್ಲೇನು?"

ಅಷ್ಟು ವರ್ಷ ನುಂಗಿಕೊಂಡಿದ್ದೆಲ್ಲ ನನ್ನ ಬಾಯಿಗೆ ಬಂತು.

"ಬೇಡೋದಲ್ಲರಿ, ಕೇಳೋದು! ನಮಗ ಒಂದು ದಿನರ ಕೇಳೀರೇನು? ಮುದುಕಿ ನಿಂತಾಳ, ಜಾಗ ಕೊಡವ್ವ ಅಂದಿದ್ರ ನಾವು ಏಳ್ತಿದ್ದಿಲ್ಲೇನು? ಬರೇ ಒದರತಿದ್ರಿ. ಅಲ್ಲಿ ನಿಮ್ಮ ಒದರಾಟ ಯಾರಿಗೂ ತಿಳಿಯಂಗಿಲ್ಲ. ಕೇಳಾಕ ಬಾಯಿ ಬರಂಗಿಲ್ಲಂದ್ರ ಹೋಗಲೇಬ್ಯಾಡ್ರಿ. ನಡು ದಾರ್‍ಯಾಗ ನೀವು ಬಿದ್ರ ಕಾಕು ಒಬ್ಬಾಕಿ ಏನು ಮಾಡಬೇಕು?"

ಲಿಂಗಣ್ಣ ಎರಡೂ ಕೈಯಿಂದ ಕೌಂಟರಿನ ಅಂಚನ್ನು ಹಿಡಿದುಕೊಂಡ. ಹಣೆಯ ಮೇಲೆ ಬೆವರು ಮೂಡಿತು. ಹೊರಗೆ ಸುರಪುರದ ಬಸ್ಸು ಹಾರ್ನ್ ಹೊಡೆಯುತ್ತಿತ್ತು.

"ಬರ್ರಿ, ಮನಿಗಿ ಹೋಗೂನು. ಸುಡ್ಲಿ, ಯಾವ ಯುರೋಪೂ ಬ್ಯಾಡ ನನಗ," ಎಂದು ಕಾಕು ಅಳುತ್ತ ಅವನ ತೋಳು ಹಿಡಿದಳು. ಅವನು ಕೊಸರಿಕೊಂಡ. ಆದರೆ ನಿಂತಲ್ಲಿಂದ ಕದಲಲಿಲ್ಲ. ನನಗೆ ಆಗ ತಿಳಿಯಿತು, ಕದಲುವುದಕ್ಕೆ ಅವನಿಂದ ಆಗುತ್ತಿರಲಿಲ್ಲ. ಪ್ಯಾಂಟಿನೊಳಗೆ ಬಲಗಾಲು ನಡುಗುತ್ತಿದ್ದದ್ದು ಎದ್ದು ಕಾಣುತ್ತಿತ್ತು.

ನನ್ನ ಅಂಗಡಿ ಒಂದು ಡಬ್ಬಿಯಷ್ಟು. ಇರುವುದು ಒಂದೇ ಕುರ್ಚಿ, ಅದರಲ್ಲಿ ನಾನು ಕೂತಿದ್ದೆ. ಎದ್ದುಬಿಡಬೇಕು ಎಂದು ಜೀವ ಒದ್ದಾಡಿತು. ಎಲ್ಲಿ ಬಿದ್ದೇಬಿಡುತ್ತಾನೋ ಎಂದು ಹೆದರಿಕೆಯೂ ಆಯಿತು. ಆದರೂ ಹಲ್ಲು ಕಚ್ಚಿ ಕೂತೆ. ಇಲ್ಲಿ ಕೇಳದವನು ಅಲ್ಲಿ ಏನು ಕೇಳಿಯಾನು? ಯಾ ಅಲ್ಲಾ, ಇವನ ಬಾಯಿಂದ ಒಂದು ಮಾತು ಬರಲಿ ಎಂದು ಮನಸ್ಸಿನಲ್ಲೇ ಬೇಡಿಕೊಂಡೆ.

ಲಿಂಗಣ್ಣ ಬಾಯಿ ತೆರೆದು ಮುಚ್ಚಿದ. ಆಮೇಲೆ ಬಂದ ದನಿ ನಾನು ಯಾವ ಬಸ್ಸಿನಲ್ಲೂ ಕೇಳಿದ್ದಲ್ಲ.

"ಜಾಹೀದ… ಕಾಲು ಭಾಳ ನೋಯಾಕತ್ತದವ್ವ. ನಿಂದ್ರಾಕ ಆಗವಲ್ದು. ನಿನ್ನ ಕುರ್ಚಿ ಸ್ವಲ್ಪ ಕೊಡ್ತಿಯೇನು?"

ತಟ್ಟನೆ ಎದ್ದೆ. ಕುರ್ಚಿಯನ್ನು ಎಳೆದು ತಂದು, ನಾನೂ ಕಾಕುವೂ ಎರಡು ಕಡೆಯಿಂದ ಹಿಡಿದು ಅವನನ್ನು ಕೂರಿಸಿದೆವು. ಅವನು ಆಮೇಲೆ ಫೋನು ನನ್ನ ಕೈಗೆ ಕೊಟ್ಟು, "ಆ ಸಣ್ಣ ಗಾಡೀನೇ ಹಾಕು," ಎಂದ. ನಾನು ಒಂದೊಂದೇ ಗಾಡಿಯನ್ನು ಅವರ ಪಾಸಿಗೆ ಸೇರಿಸುತ್ತ ಹೋದೆ, ನಿಂತುಕೊಂಡೇ.