ಬಿಡದೆ ಇಳಿಸಿದ ಬಾಣ

ನಾನು ಬಸ್ಸು ನಿಲ್ಲುವ ಮೊದಲೇ ಇಳಿಯುವವರ ಪೈಕಿ. ಬಿಸಿ ಚಹಾಕ್ಕೆ ನಾಲಿಗೆ ಸುಟ್ಟುಕೊಳ್ಳುವುದು, ಎದುರಿನವರ ಮಾತು ಮುಗಿಯುವ ಮುಂಚೆಯೇ ಉತ್ತರ ಹೇಳಿಬಿಡುವುದು, ಎಲ್ಲ ನನ್ನ ಹುಟ್ಟುಗುಣ. ಇಂಥವಳು ಹೋಗಿ ಹೋಗಿ ಬಿಲ್ಲುವಿದ್ಯೆ ಕಲಿಯಲು ಹೊರಟಾಗ ಮನೆಯವರು ಹೊಟ್ಟೆ ಹುಣ್ಣಾಗುವಂತೆ ನಕ್ಕಿದ್ದರು.

ತೊಂಬತ್ತರ ದಶಕದ ಕೊನೆ. ದಾವಣಗೆರೆ ಜಿಲ್ಲೆಯಾಗಿ ಇನ್ನೂ ಹೊಸತು, ಎಷ್ಟೋ ಅಂಗಡಿಗಳ ಬೋರ್ಡಿನಲ್ಲಿ ಹಳೆಯ ಜಿಲ್ಲೆಯ ಹೆಸರೇ ಇತ್ತು. ಕೆ.ಬಿ. ಬಡಾವಣೆಯಲ್ಲಿ ನಮ್ಮ ಮನೆ, ನಾನು ಕಾಲೇಜು ಹುಡುಗಿ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹರಿಹರಕ್ಕೆ ಹೋಗುತ್ತಿದ್ದೆ. ಅಲ್ಲಿ ಗುತ್ತೂರಿನ ಕಡೆಯ ಖಾಲಿ ಮೈದಾನವೊಂದರಲ್ಲಿ, ಕಾರ್ಖಾನೆಯ ಕೆಲಸದಿಂದ ನಿವೃತ್ತರಾದ ಒಬ್ಬರು ನಮ್ಮಂಥ ಕೆಲವರಿಗೆ ಬಿಲ್ಲು ಹಿಡಿಯುವುದನ್ನು ಕಲಿಸುತ್ತಿದ್ದರು. ನಮಗೆಲ್ಲ ಅವರು ಸಾರ್. ಮಲೆಬೆನ್ನೂರಿನ ಕಡೆಯಿಂದ ಟ್ರ್ಯಾಕ್ಟರಿನಲ್ಲಿ ಬಂದ ಭತ್ತದ ಹುಲ್ಲನ್ನು ಹಗ್ಗದಂತೆ ಹೊಸೆದು, ಸುರುಳಿ ಸುತ್ತಿ, ಬಿಗಿದು ಗುರಿ ಮಾಡಿದ್ದರು. ಅದರ ಮೇಲೆ ಬಣ್ಣದ ವೃತ್ತಗಳ ಕಾಗದ, ನಡುವೆ ಹಳದಿ. ಹಿಂದೆ ಮಣ್ಣಿನ ದಿಬ್ಬ. ದಿಬ್ಬದ ಆಚೆ ಹೊಳೆಗೆ ಹೋಗುವ ಕಾಲುದಾರಿ.

ಮೊದಮೊದಲು ಚೆನ್ನಾಗಿಯೇ ಹೊಡೆದೆ. ಜಿಲ್ಲಾ ತಂಡದ ಆಯ್ಕೆಗೆ ನನ್ನನ್ನೂ ಕಳಿಸುವುದಾಗಿ ಸಾರ್ ಹೇಳಿದ ಮೇಲೆ ಏನಾಯಿತೋ, ಕೈ ನನ್ನ ಮಾತು ಕೇಳುವುದನ್ನೇ ಬಿಟ್ಟಿತು. ಬಿಲ್ಲೆತ್ತಿ ಎಳೆಯುತ್ತೇನೆ, ಹಳದಿ ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಬೆರಳು ಹೆದೆಯನ್ನು ಬಿಟ್ಟಾಗಿರುತ್ತದೆ. ಗುರಿ ಕೂಡುವ ಮೊದಲೇ ಬಾಣ ಹಾರಿಹೋಗುತ್ತಿತ್ತು. ತಡೆಯಬೇಕು ಎಂದುಕೊಂಡಷ್ಟೂ ಬೇಗ ಬಿಡುತ್ತಿದ್ದೆ.

ಒಂದು ಭಾನುವಾರ ಹಾಗೆ ಹಾರಿದ ಬಾಣ ದಿಬ್ಬವನ್ನೇ ದಾಟಿತು. ಸ್ವಲ್ಪ ಹೊತ್ತಿಗೆ ದಿಬ್ಬದ ಪಕ್ಕದಿಂದ ಒಬ್ಬ ಹೆಂಗಸು ಬಂದರು. ಕೈಯಲ್ಲಿ ನನ್ನ ಬಾಣ, ಹಿಂದೆ ಒಂದು ಎಮ್ಮೆ.

"ಯಾರ್ದ್ರೀ ಇದು? ನನ್ನ ಮುಂದ ಬಂದು ಬಿತ್ತು. ಒಂದು ಹೆಜ್ಜಿ ಮುಂದಿದ್ರೆ ನನ್ನ ಕಥಿ ಮುಗೀತಿತ್ತಲ್ರೀ!"

ಸಾರ್ ಕೈಮುಗಿದು ಕ್ಷಮೆ ಕೇಳಿದರು. ಆಕೆ ಹೋದ ಮೇಲೆ ನನ್ನ ಕೈಯಿಂದ ಬಿಲ್ಲನ್ನು ಇಸಿದುಕೊಂಡು ಹಳೆಯ ಸೈಕಲ್ ಟ್ಯೂಬಿನ ತುಂಡೊಂದನ್ನು ಕೊಟ್ಟರು.

"ಇದನ್ನ ಗದ್ದದ ತನಕ ಎಳ್ದು ಹಿಡೀಬೇಕು. ಆಮ್ಯಾಲೆ ನಿಧಾನಕ್ಕ ವಾಪಸ್ ಬಿಡ್ಬೇಕು. ಫಟ್ ಅಂತ ಬಿಡಬ್ಯಾಡ. ದಿನಾ ಮಾಡು ತಂಗಿ. ಕೈ ನಿಂತ್ರೆ ಬಿಲ್ಲು ಐತೆ. ನಿಲ್ಲಲಿಲ್ಲ ಅಂದ್ರೆ ಆಯ್ಕೆ ಹಂಗಿರ್ಲಿ, ಈ ಮೈದಾನಕ್ಕೂ ಬರಬ್ಯಾಡ."

ಬೈದಿದ್ದರೂ ಸಹಿಸಿಕೊಳ್ಳುತ್ತಿದ್ದೆ, ಆದರೆ ಅವರು ಮೆತ್ತಗೆ ಹೇಳಿದರು. ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ಮುಖ ತಿರುಗಿಸಿ ಅತ್ತೆ. ಬಿಲ್ಲು ಹೋದದ್ದಕ್ಕಿಂತ ಆ ಒಂದು ಹೆಜ್ಜೆ ನನ್ನನ್ನು ಹೆದರಿಸಿತ್ತು.

ಮರುದಿನದಿಂದ ಮಹಡಿಯ ಮೇಲೆ ನೀರಿನ ಟ್ಯಾಂಕಿಗೆ ಮುಖ ಮಾಡಿ ನಿಂತು ಟ್ಯೂಬು ಎಳೆಯತೊಡಗಿದೆ. ಟ್ಯಾಂಕಿನ ಸಿಮೆಂಟು ಗೋಡೆಗೆ ಅರಿಶಿನದ ಬೊಟ್ಟು ಇಟ್ಟುಕೊಂಡಿದ್ದೆ. ಅಲ್ಲೂ ಅದೇ ಹಾಡು, ಬೊಟ್ಟು ಕಂಡದ್ದೇ ಬೆರಳು ಸಡಿಲ. ಟ್ಯೂಬು ಮಣಿಕಟ್ಟಿಗೆ ಬಡಿದು ಬಾಸುಂಡೆ ಬಂತು.

ನಮ್ಮಜ್ಜಿ ದಿನಾ ಬೆಳಿಗ್ಗೆ ಎಡ ಅಂಗೈಯಲ್ಲಿ ಲಿಂಗವನ್ನು ಇಟ್ಟುಕೊಂಡು ಪೂಜೆಗೆ ಕೂರುತ್ತಿದ್ದರು. ನೋಟ ಅದರ ಮೇಲೆ, ಕೈ ಒಂದಿಷ್ಟೂ ಅಲುಗುತ್ತಿರಲಿಲ್ಲ. ಚಿಕ್ಕಂದಿನಿಂದ ಅದನ್ನು ನೋಡಿ ಬೆಳೆದ ನಾನು, ಏಕಾಗ್ರತೆ ಎಂದರೆ ಕಣ್ಣು ಮಿಟುಕಿಸದೆ ದಿಟ್ಟಿಸುವುದು ಎಂದೇ ತಿಳಿದಿದ್ದೆ. ಅದಕ್ಕೇ ಬಿಲ್ಲೆತ್ತುವ ಮೊದಲೇ ಹಳದಿಯ ಮೇಲೆ ಕಣ್ಣು ನೆಟ್ಟುಬಿಡುತ್ತಿದ್ದೆ. ಕಣ್ಣಲ್ಲಿ ನೀರು ಬಂದರೂ ರೆಪ್ಪೆ ಮುಚ್ಚುತ್ತಿರಲಿಲ್ಲ. ನಮ್ಮ ಮನೆಯ ವಿದ್ಯೆಯೇ ಇದು ಎಂಬ ಜಂಬ ಬೇರೆ.

ಒಂದು ದಿನ ಪೂಜೆ ಮುಗಿಯುವುದನ್ನೇ ಕಾದು ಕೇಳಿದೆ. "ಅಜ್ಜಿ, ಅಷ್ಟೊತ್ತು ಹೆಂಗೆ ದಿಟ್ಟಿಸ್ತೀ? ಕಣ್ಣು ಉರಿಯಂಗಿಲ್ಲೇನು?"

ಅಜ್ಜಿ ನಕ್ಕರು. "ದಿಟ್ಟಿಸ್ತೀನಂತ ಯಾರು ಹೇಳಿದ್ರು ನಿಂಗೆ? ಮೊದ್ಲೇ ಕಣ್ಣು ನೆಟ್ರೆ ಬರೇ ನೀರು ಸುರೀತಾವೆ. ಮೊದ್ಲು ಕೂತಿದ್ದು ಸರಿಯಾಗ್ಬೇಕು. ಆಮ್ಯಾಲೆ ಉಸ್ರು, ಆಮ್ಯಾಲೆ ಕೈ. ಕಣ್ಣು ಕಡೀಗೆ. ಅದನ್ನ ಎಳೀಬಾರ್ದವ್ವಾ, ತಾನಾ ಬಂದು ಕೂಡ್ತೈತೆ."

ಇಷ್ಟು ವರ್ಷ ಪಕ್ಕದಲ್ಲೇ ಕೂತು ನೋಡಿದ್ದು ನೀರಿನಲ್ಲಿ ಹೋಮ ಮಾಡಿದಂತಾಯಿತಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಆದರೂ ಆಗಲೇ ಮಹಡಿಗೆ ಓಡಿದೆ. ಬೊಟ್ಟನ್ನು ಒರೆಸಿ ಹಾಕಿದೆ. ಪಾದ ಊರಿದೆ, ಉಸಿರು ಬಿಟ್ಟೆ, ಟ್ಯೂಬನ್ನು ಗದ್ದಕ್ಕೆ ತಂದೆ. ಬರೀ ಸಿಮೆಂಟು ಗೋಡೆ. ಕೈ ನಿಂತಿತು. ನಿಧಾನವಾಗಿ ವಾಪಸ್ ಬಿಟ್ಟೆ. ಮತ್ತೆ ಎಳೆದೆ, ಮತ್ತೆ ನಿಂತಿತು. ಹಲವು ದಿನ ಹಾಗೇ ಬರಿಗೋಡೆಯ ಎದುರು ಎಳೆದು, ಆಮೇಲೆ ಬೊಟ್ಟು ಇಟ್ಟೆ. ಅದನ್ನು ಕೊನೆಗೆ ನೋಡುವುದು ಅಭ್ಯಾಸವಾಗಿತ್ತು. ಬೆರಳು ನಾನು ಹೇಳುವ ತನಕ ಕಾಯಿತು.

ಆಯ್ಕೆಗೆ ಮುಂಚಿನ ಭಾನುವಾರ ಹರಿಹರಕ್ಕೆ ಹೋದೆ. ಸಾರ್ ಕಾಲುದಾರಿಯ ತುದಿಯಲ್ಲಿ ಒಬ್ಬ ಹುಡುಗನನ್ನು ಕಾವಲು ನಿಲ್ಲಿಸಿ, ಏನೂ ಕೇಳದೆ ಬಿಲ್ಲನ್ನು ಕೈಗಿತ್ತರು. "ಒಂದು ಬಾಣ. ನೋಡಾಣ."

ಪಾದ ಊರಿದೆ. ಉಸಿರು ತಗ್ಗಿತು. ಎಳೆದೆ, ಹೆದೆ ಗದ್ದಕ್ಕೆ ತಾಗಿತು, ಕೈ ನಿಂತಿತು. ಕೊನೆಗೆ ಹಳದಿ ತಾನಾಗಿ ಬಂದು ಕಣ್ಣಲ್ಲಿ ಕೂತಿತು. ಅಷ್ಟು ಸರಿಯಾಗಿ ಎಂದೂ ಕೂತಿರಲಿಲ್ಲ. ಬಿಟ್ಟಿದ್ದರೆ ನಡುವಿಗೇ ಬೀಳುತ್ತಿತ್ತು, ಈಗಲೂ ಆಣೆ ಮಾಡಿ ಹೇಳುತ್ತೇನೆ.

ಆಗಲೇ ಗುರಿಯ ಪಕ್ಕದಲ್ಲಿ ಒಂದು ಕರಿ ಮೂತಿ ಕಾಣಿಸಿತು. ಕಾವಲಿನವನ ಕಣ್ತಪ್ಪಿಸಿ ದಿಬ್ಬ ಬಳಸಿ ಬಂದ ಎಮ್ಮೆ ನಮ್ಮ ಗುರಿಯ ಭತ್ತದ ಹುಲ್ಲಿಗೇ ಬಾಯಿ ಹಾಕಿತ್ತು. ಅದರ ಹಿಂದೆ, ಕೈಯಲ್ಲಿ ಕೋಲು ಹಿಡಿದು ಆ ಹೆಂಗಸು ಓಡಿ ಬರುತ್ತಿದ್ದರು.

ನನ್ನ ಬೆರಳು ಅಲುಗಲಿಲ್ಲ. ಗದ್ದದಿಂದ ಹೆದೆಯನ್ನು ಇಷ್ಟಿಷ್ಟೇ ಮುಂದಕ್ಕೆ ಬಿಟ್ಟು, ಬಿಲ್ಲನ್ನು ನೆಲಕ್ಕೆ ಇಳಿಸಿದೆ. ಕೂಗಲೆಂದು ಬಾಯಿ ತೆರೆದಿದ್ದ ಸಾರ್ ಹಾಗೇ ಮುಚ್ಚಿಕೊಂಡರು. ಆಮೇಲೆ ಅಲ್ಲೇ ಕುಸಿದು ಕೂತೆ. ಕಣ್ಣಲ್ಲಿ ನೀರು ಬರುತ್ತಿತ್ತು, ನಗುವೂ ಬರುತ್ತಿತ್ತು. ಎದೆಯ ಮೇಲಿಂದ ಬಂಡೆ ಇಳಿದ ಹಾಗಾಗಿತ್ತು.

"ಆಯ್ಕೆಗೆ ಹೋಗು ತಂಗಿ," ಎಂದರು ಸಾರ್. "ಬಿಲ್ಲು ನಿನ್ ಹತ್ರಾನೇ ಇರ್ಲಿ."

ಆ ಹೆಂಗಸಿಗೆ ಇದಾವುದೂ ಗೊತ್ತಿಲ್ಲ. ಎಮ್ಮೆಯ ಬಾಯಿಂದ ಹುಲ್ಲು ಕಿತ್ತುಕೊಂಡು, ಅದರ ಬೆನ್ನಿಗೊಂದು ಏಟು ಹಾಕಿ, ನನ್ನತ್ತ ತಿರುಗಿ, "ಯಾಕ ಕೂತ್ಯವ್ವಾ? ಈಗ ಹೊಡಿ, ನಾ ದೂರ ಹೊಂಟೆ," ಅಂದರು. ಎಮ್ಮೆಯನ್ನು ಬೈಯುತ್ತಾ ಅವರು ದಿಬ್ಬದ ಆಚೆ ಮರೆಯಾಗುವ ತನಕ ನಾನು ನೋಡುತ್ತಲೇ ಇದ್ದೆ.