ಗಾಳಿಗೆ ತೆತ್ತ ಬಾಡಿಗೆ

ಆ ಮನೆಯಲ್ಲಿ ಎಲ್ಲವನ್ನೂ ತೂಕದಲ್ಲೇ ಯೋಚಿಸುತ್ತಿದ್ದರು. ಅಣ್ಣ ಬದುಕಿದ್ದಾಗ ತನ್ನ ಅಂಗಡಿಯಲ್ಲಿ ಹತ್ತಿ ತೂಗಿ ದಿಂಬಿನ ಬೆಲೆ ಹೇಳುತ್ತಿದ್ದ. ಕೊಂಡವರು ಅದನ್ನು ಕಂಕುಳಲ್ಲಿ ಇರುಕಿಕೊಂಡು ತಾವೇ ಮನೆಗೆ ಒಯ್ಯುತ್ತಿದ್ದರು. ಅವನು ತೀರಿಕೊಂಡ ಮೇಲೆ ತಂಗಿ ಅಂಗಡಿ ಬಿಟ್ಟು, ತಕ್ಕಡಿಯನ್ನೂ ಹೊಲಿಗೆ ಯಂತ್ರವನ್ನೂ ಮನೆಯ ಮುಂದಿನ ಕೋಣೆಗೆ ತಂದುಕೊಂಡಳು. ಬೀದಿಯವರು ಅವಳನ್ನು ದಿಂಬಕ್ಕ ಎನ್ನುತ್ತಿದ್ದರು. ಹಿಂದಿನ ಕೋಣೆಯಲ್ಲಿ ಅಣ್ಣನ ಹೆಂಡತಿ, ಅಂದರೆ ಅವಳ ಅತ್ತಿಗೆ, ಗೋಣಿತಾಟಿನ ಮೇಲೆ ಕೂತು ಹತ್ತಿ ಬಿಡಿಸಿ ದಿಂಬು ತುಂಬುತ್ತಿದ್ದರು. ಅತ್ತಿಗೆಯ ಕಣ್ಣು ಮಂಜಾಗಿತ್ತು. ಹೊಲಿಗೆ ಆಗುತ್ತಿರಲಿಲ್ಲ. ಬೆರಳುಗಳಿಗೆ ಮಾತ್ರ ಹತ್ತಿಯೊಳಗಿನ ಒಂದು ಗಂಟೂ ತಪ್ಪುತ್ತಿರಲಿಲ್ಲ.

ಆನ್‌ಲೈನ್ ಅಂಗಡಿ ತೆರೆದಾಗಲೂ ದಿಂಬಕ್ಕ ಅಣ್ಣನ ಲೆಕ್ಕವನ್ನೇ ಹಿಡಿದಳು. ಹತ್ತಿ, ಬಟ್ಟೆ, ಅತ್ತಿಗೆಯ ಕೂಲಿ, ಮೇಲೆ ಒಂದಿಷ್ಟು ಲಾಭ. ತುಂಬಿದ ದಿಂಬನ್ನು ತಕ್ಕಡಿಗಿಟ್ಟು, ಅಷ್ಟು ತೂಕಕ್ಕೆ ಕೊರಿಯರ್‌ನ ದರವನ್ನೂ ಸೇರಿಸಿ, ‘ಡೆಲಿವರಿ ಉಚಿತ’ ಎಂದು ಬರೆದಳು. ಆರ್ಡರ್‌ಗಳು ಬಂದವು. ‘ಮೋಡದ ಮೇಲೆ ತಲೆಯಿಟ್ಟ ಹಾಗಿದೆ’ ಎಂದು ಯಾರೋ ಬರೆದದ್ದನ್ನು ಅತ್ತಿಗೆಗೆ ಓದಿ ಹೇಳಿದಳು.

“ತಲೆ ಖಾಲಿ ಇದ್ರೆ ಯಾವ ದಿಂಬಾದ್ರೂ ಹಾಗೇ ಇರತ್ತೆ,” ಎಂದರು ಅತ್ತಿಗೆ. ಆದರೆ ಇನ್ನೊಂದು ಸಲ ಓದಿಸಿಕೊಂಡರು.

ಲೆಕ್ಕ ಹಾಕಿದ್ದಕ್ಕಿಂತ ಹೆಚ್ಚಿನ ಕೊರಿಯರ್ ಬಿಲ್ಲು ಬಂದ ದಿನ ದಿಂಬಕ್ಕ ಒಂದು ಪಾರ್ಸೆಲನ್ನು ಎತ್ತಿಕೊಂಡು ಅವರ ಕೌಂಟರಿಗೇ ಹೋದಳು. ಅಲ್ಲಿದ್ದವನು ತಕ್ಕಡಿಯ ಕಡೆ ನೋಡಲೇ ಇಲ್ಲ. ಟೇಪು ತೆಗೆದು ಡಬ್ಬದ ಉದ್ದ, ಅಗಲ, ಎತ್ತರ ಅಳೆದ.

“ನಿಮ್ಮ ಮಾಲಿಗೆ ತೂಕ ಇಲ್ಲ ಅಕ್ಕ, ಹೊಟ್ಟೆ ಇದೆ. ವ್ಯಾನಲ್ಲಿ ಎಷ್ಟು ಜಾಗ ತಿನ್ನತ್ತೋ ಅಷ್ಟಕ್ಕೆ ದುಡ್ಡು.”

“ಒಳಗಿರೋದು ಬರೀ ಗಾಳಿ ಕಣಪ್ಪ.”

“ಗಾಳಿಗೂ ಸೀಟು ಬೇಕಲ್ಲ.”

ಅಲ್ಲಿಯತನಕ ಕಳಿಸಿದ ಒಂದೊಂದು ದಿಂಬಿಗೂ ಅವಳು ಕೈಯಿಂದ ದುಡ್ಡು ಹಾಕಿದ್ದಳು. ಬೆಲೆ ಏರಿಸಿದಳು; ಆರ್ಡರ್ ನಿಂತಿತು. ಇಳಿಸಿದಳು, ನಷ್ಟ ಮತ್ತೆ ಶುರುವಾಯಿತು. ಕೊನೆಗೆ ದಿಂಬಿನ ಮೇಲೆ ತಾನೇ ಕೂತು ಅಮುಕಿ, ಹಗ್ಗ ಬಿಗಿದು, ತೆಳುವಾದ ಪ್ಯಾಕೆಟ್ಟು ಮಾಡಿದಳು. ‘ಒಂದು ಗಂಟೆ ಬಿಸಿಲಿಗಿಡಿ, ಉಬ್ಬುತ್ತದೆ’ ಎಂಬ ಚೀಟಿಯನ್ನೂ ಹಾಕಿದಳು. ಬಿಸಿಲೇ ಬೀಳದ ಮನೆಗಳಿಗೂ ಆ ದಿಂಬುಗಳು ಹೋದವು. ‘ದಿಂಬು ಕೇಳಿದರೆ ಕಾಲೊರಸು ಕಳಿಸಿದ್ದೀರಿ’ ಎಂದು ಬರೆದು ಜನ ವಾಪಸ್ ಮಾಡಿದರು. ಹೋದ ಬಾಡಿಗೆಯೂ ಬಂದ ಬಾಡಿಗೆಯೂ ಅವಳ ತಲೆಗೇ ಬಿತ್ತು.

ಜೊತೆಗೆ ಮಾರಾಟಕ್ಕಿಟ್ಟಿದ್ದ ದಿಂಬಿನ ಹೊದಿಕೆಗಳು ಮಾತ್ರ ತಣ್ಣಗೆ ಮಾರಾಟವಾಗುತ್ತಿದ್ದವು. ಮಡಚಿದರೆ ಒಂದು ಲಕೋಟೆ. ಕಳಿಸುವ ಖರ್ಚು ಕಳೆದರೂ ಕೈಯಲ್ಲಿ ನಾಲ್ಕು ಕಾಸು ಉಳಿಯುತ್ತಿತ್ತು. ಬರೀ ಹೊದಿಕೆ ಮಾರಿದರೆ ಮನೆ ನಡೆಯುತ್ತದೆಂದು ಅವಳಿಗೆ ಗೊತ್ತಿತ್ತು. ಆದರೆ ಹೊದಿಕೆಯಲ್ಲಿ ಅತ್ತಿಗೆಯ ಬೆರಳಿಗೆ ಕೆಲಸವಿರಲಿಲ್ಲ. “ಕೂತು ಉಣ್ಣೋಳಲ್ಲ ನಾನು. ಕೆಲಸ ಮುಗಿದ ದಿನ ತಮ್ಮನ ಮನೆಗೆ ಹೊರಡ್ತೀನಿ,” ಎಂದು ಅವರು ಅಣ್ಣ ಹೋದ ವಾರವೇ ಹೇಳಿದ್ದರು. ಆ ತಮ್ಮನ ಮನೆಯಲ್ಲಿ ಅವರಿಗೆ ಮೆಟ್ಟಿಲ ಕೆಳಗೆ ಹಾಸಿಗೆ ಹಾಸಿಕೊಡುವುದನ್ನು ದಿಂಬಕ್ಕ ಕಣ್ಣಾರೆ ಕಂಡಿದ್ದಳು.

ಒಂದು ಮಧ್ಯಾಹ್ನ ಅವಳು ಆನ್‌ಲೈನ್ ಅಂಗಡಿಯಿಂದ ದಿಂಬನ್ನು ತೆಗೆದುಹಾಕಿದಳು. ಮರುದಿನ ಬೆಳಿಗ್ಗೆ ಅತ್ತಿಗೆ ಎಂದಿನಂತೆ ಕೇಳಿದರು: “ಇವತ್ತು ಎಷ್ಟು?”

“ಎರಡು.”

ಅತ್ತಿಗೆ ಎರಡು ತುಂಬಿದರು. ಹೊಸ ಹತ್ತಿ ತರಲು ದುಡ್ಡಿರಲಿಲ್ಲ. ಅವರು ಊಟ ಮುಗಿಸಿ ಕಣ್ಣು ಮುಚ್ಚಿದಾಗ ದಿಂಬಕ್ಕ ಹೊಲಿಗೆ ಬಿಚ್ಚಿ, ಹತ್ತಿಯನ್ನು ಮತ್ತೆ ಮೂಟೆಗೆ ತುರುಕಿದಳು. ಹೀಗೇ ದಿನಗಳು ಉರುಳಿದವು. ಒಂದು ಬೆಳಿಗ್ಗೆ ಅತ್ತಿಗೆಯ ಕೈ ನಿಂತಿತು.

“ಈ ಹತ್ತಿ ಸೋತುಹೋಗಿದೆ ಕಣೇ. ಎಷ್ಟು ದಿನದಿಂದ ಇದನ್ನೇ ಕೊಡ್ತಿದೀಯ?”

ದಿಂಬಕ್ಕನಿಗೆ ಸುಳ್ಳು ಹೊಳೆಯಲಿಲ್ಲ. “ದಿಂಬು ಮಾರಿದ್ರೆ ಮನೆ ಮುಳುಗತ್ತೆ ಅತ್ತಿಗೆ.”

“ಬಾಯಿ ಬಿಟ್ಟು ಹೇಳೋಕೇನಾಗಿತ್ತು?”

“ಹೇಳಿದ್ರೆ ನೀವು ಹೊರಟುಬಿಡ್ತಿದ್ರಿ.”

ಅತ್ತಿಗೆ ಮಡಿಲಿಗೆ ಅಂಟಿದ ಹತ್ತಿಯ ಎಳೆಗಳನ್ನು ಒಂದೊಂದಾಗಿ ಆರಿಸಿದರು.

“ಎಲ್ಲ ಖರ್ಚೂ ಸೇರಿಸಿ ಸರಿಯಾದ ಬೆಲೆ ಹಾಕು. ಗಾಳಿ ಬಾಡಿಗೆ, ನನ್ನ ಕೂಲಿ, ಎಲ್ಲ. ಆ ಬೆಲೆಗೆ ಒಂದು ಹೋದ್ರೂ ನಾನು ಇರ್ತೀನಿ. ತಿಂಗಳು ಮುಗಿಯೋತನಕ ನೋಡೋಣ.”

ದಿಂಬಕ್ಕ ದಿಂಬನ್ನು ಮತ್ತೆ ಆನ್‌ಲೈನ್ ಅಂಗಡಿಗೆ ಏರಿಸಿ ಬೆಲೆ ಹಾಕಿದಳು. ಆ ಅಂಕಿ ನೋಡಿದರೆ ತಾನೇ ಕೊಳ್ಳಲಾರೆ ಅನ್ನಿಸಿತು. ಅಂದು ಏನೂ ಬರಲಿಲ್ಲ, ಆ ವಾರವೂ ಬರಲಿಲ್ಲ. ಹೊದಿಕೆಯ ಆರ್ಡರ್‌ಗಳಿಗೆ ಫೋನು ಸದ್ದು ಮಾಡಿದಾಗಲೆಲ್ಲ ಹಿಂದಿನ ಕೋಣೆಯಲ್ಲಿ ಹತ್ತಿ ಬಿಡಿಸುವ ಸದ್ದು ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿನ ನಂತರ ಮತ್ತೆ ಶುರುವಾಗುತ್ತಿತ್ತು.

ತಿಂಗಳ ಕೊನೆಯ ಬೆಳಿಗ್ಗೆ ಅತ್ತಿಗೆ ಕೇಳಿದರು: “ಇವತ್ತು ಎಷ್ಟು?”

“ಇನ್ನೂ ಬಂದಿಲ್ಲ.”

“ಸಂಜೆತನಕ ಟೈಮಿದೆಯಲ್ಲ,” ಎಂದು ಅತ್ತಿಗೆ ಗೋಣಿತಾಟಿನ ಮೇಲೆ ಕೂತು, ಅದೇ ಹತ್ತಿಯನ್ನು ಹತ್ತಿರಕ್ಕೆಳೆದುಕೊಂಡರು. ಗೋಡೆಯ ಪಕ್ಕದಲ್ಲಿ ಅವರ ಚೀಲ ತುಂಬಿ ನಿಂತಿತ್ತು. ಜಿಪ್ಪು ಮಾತ್ರ ಇನ್ನೂ ಎಳೆದಿರಲಿಲ್ಲ.