ದ್ಯಾಮಣ್ಣ ಕಾಕಾನ ಗಂಟು

ದೆವ್ವ, ಪಿಶಾಚಿ, ಗಾಳಿ ಸೋಕುವುದು ಇವುಗಳಲ್ಲಿ ನನಗೆ ಎಂದೂ ನಂಬಿಕೆ ಇರಲಿಲ್ಲ. ಈಗಲೂ ಇಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದಿನದನ್ನು ಓದಿ ‘ಮಾಸ್ತರರು ಅಂತೂ ದಾರಿಗೆ ಬಂದರು’ ಎಂದು ಖುಷಿಪಡುವವರು ನಮ್ಮ ಬಳಗದಲ್ಲೇ ಇದ್ದಾರೆ. ನಾನು ಯಾವ ದಾರಿಗೂ ಬಂದಿಲ್ಲ. ಒಂದು ಘಟನೆ ನಡೆಯಿತು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ, ಅಷ್ಟೇ. ಉತ್ತರ ಗೊತ್ತಿಲ್ಲ ಎನ್ನುವುದಕ್ಕೂ ತೆಂಗಿನಕಾಯಿ ಒಡೆಯುವುದಕ್ಕೂ ಬಹಳ ಅಂತರವಿದೆ.

ಇಂಥವು ಅಮಾವಾಸ್ಯೆಯ ರಾತ್ರಿ ನಡೆಯುತ್ತವೆ ಎನ್ನುತ್ತಾರೆ. ನನಗಾದದ್ದು ರವಿವಾರ ಮಧ್ಯಾಹ್ನ, ಹೊಟ್ಟೆ ತುಂಬ ಊಟ ಮಾಡಿ ಹೊರಟ ಮೇಲೆ, ಸುಡುಸುಡು ಬಿಸಿಲಿನಲ್ಲಿ.

ಎಂಬತ್ತರ ದಶಕದ ನಡುವಿನ ವರ್ಷಗಳು. ಯರಗುಪ್ಪಿಯ ಕಡೆಯ ಒಂದು ಹಳ್ಳಿಯಲ್ಲಿ ನಾನು ಪ್ರಾಥಮಿಕ ಶಾಲೆಯ ಮಾಸ್ತರ. ನಮ್ಮದು ಲಿಂಗಪೂಜೆ ಆಗದೆ ಬಾಯಿಗೆ ನೀರು ಹಾಕದ ಮನೆತನ. ಅಂಥ ಮನೆಯ ಮಗ ಬೆಣ್ಣಿಹಳ್ಳದ ದಂಡೆಯಲ್ಲಿ ಗಾಳ ಹಾಕಿ ಕೂರುತ್ತಾನೆ ಎಂದು ಗೊತ್ತಾದಾಗ ಅವ್ವ ಮೂರು ದಿನ ಮಾತು ಬಿಟ್ಟಳು. ಸೋದರಮಾವ ಬಸ್ಸು ಹತ್ತಿ ಬಂದು ಬುದ್ಧಿ ಹೇಳಿ ಹೋದರು. ಅವರ ಬಸ್ಸು ತಿರುವು ದಾಟುವುದರೊಳಗೆ ನಾನು ಹಳ್ಳದ ದಾರಿ ಹಿಡಿದಿದ್ದೆ. ಬೇಡ ಎಂದದ್ದನ್ನೇ ಮಾಡುವುದು ನನ್ನ ಹುಟ್ಟುಗುಣ. ಹಿಡಿದ ಮೀನನ್ನು ಏನು ಮಾಡುತ್ತಿದ್ದೆ ಎಂದು ಇಲ್ಲಿ ಬರೆಯುವುದಿಲ್ಲ. ಮನೆಯವರೂ ಇದನ್ನು ಓದುತ್ತಾರೆ.

ನನಗೆ ಗಾಳ ಹಿಡಿಯಲು ಕಲಿಸಿದವರು ಅಂಬಿಗರ ದ್ಯಾಮಣ್ಣ. ಎಪ್ಪತ್ತರ ಹತ್ತಿರದ ವಯಸ್ಸು, ಕಡ್ಡಿಯಂಥ ದೇಹ. ಬಲಗೈಯ ಎರಡು ಬೆರಳು ಎಂದೋ ದನಗಳ ಮೇವಿಗೆ ಜೋಳದ ಕಣಿಕೆ ಕತ್ತರಿಸುವ ಯಂತ್ರಕ್ಕೆ ಸಿಕ್ಕು ಹೋಗಿದ್ದರಿಂದ ಎಲ್ಲ ಕೆಲಸವೂ ಎಡಗೈಯಲ್ಲೇ. ಊರವರ ಹಾಗೆ ನಾನೂ ಅವರನ್ನು ಕಾಕಾ ಎನ್ನುತ್ತಿದ್ದೆ. ಶಾಲೆಯಲ್ಲಿ ನಲವತ್ತು ಮಕ್ಕಳನ್ನು ಹದ್ದುಬಸ್ತಿನಲ್ಲಿ ಇಡುತ್ತಿದ್ದ ನಾನು ಅವರ ಮುಂದೆ ಬಾಯಿ ಮುಚ್ಚಿಕೊಂಡು ಕೂರುತ್ತಿದ್ದೆ.

ನಿಂತ ನೀರಿನ ಕೆರೆಯಲ್ಲಿ ಗಾಳ ಹಾಕುವುದು ಒಂದು ರೀತಿ, ಹರಿಯುವ ಹಳ್ಳದಲ್ಲಿ ಹಾಕುವುದು ಇನ್ನೊಂದು. ಹರಿವಿನಲ್ಲಿ ಎರೆಹುಳು ಮೇಲೆ ತೇಲಿ ಹೋಗಬಾರದು, ತಳಕ್ಕೆ ಇಳಿಯಬೇಕು. ಅದಕ್ಕೇ ದಾರಕ್ಕೆ ಸೀಸದ ಗುಂಡು ಕಟ್ಟುವುದು. ಗುಂಡು ಹಗುರಾದರೆ ನೀರು ಒಯ್ಯುತ್ತದೆ, ಭಾರವಾದರೆ ಕೂತಲ್ಲೇ ಕೂರುತ್ತದೆ. ತಳದ ಕಲ್ಲುಗಳನ್ನು ಸವರುತ್ತ ನಿಧಾನವಾಗಿ ಉರುಳುವಷ್ಟೇ ತೂಕ ಬೇಕು. ಕಾಕಾ ಇದಕ್ಕೆ ಮೂರು ದಾರ ಬಳಸುತ್ತಿದ್ದರು. ಕೈಯಲ್ಲಿ ಹಿಡಿಯುವ ಉದ್ದನೆಯದು ದಪ್ಪ ನೈಲಾನ್. ಅದರ ತುದಿಗೆ ಒಂದು ಮೊಳದಷ್ಟು ತೆಳುವಾದ ನೈಲಾನ್, ಅದಕ್ಕೆ ಗಾಳ. ತೆಳುವಾದ ಎಳೆ ಮೀನಿನ ಕಣ್ಣಿಗೆ ಬೀಳುವುದಿಲ್ಲ. ಸೀಸದ ಗುಂಡನ್ನು ಮಾತ್ರ ಬೇರೆಯಾಗಿ, ಎಲ್ಲಕ್ಕಿಂತ ಬಡಕಲು ದಾರದಿಂದ ಕಟ್ಟುತ್ತಿದ್ದರು. ಗೊಬ್ಬರದ ಚೀಲದ ಬಾಯಿ ಹೊಲಿದ ನೂಲನ್ನು ಬಿಚ್ಚಿ, ಜಾಲಿ ತೊಗಟೆಯ ನೀರಿನಲ್ಲಿ ಕುದಿಸಿ ಒಣಗಿಸಿದ ಕಂದು ದಾರ ಅದು. ನಮ್ಮ ಸುತ್ತಿನಲ್ಲಿ ಬೇರೆ ಯಾರೂ ಅಂಥದನ್ನು ಮಾಡುತ್ತಿರಲಿಲ್ಲ.

ಆ ಕಂದು ದಾರವನ್ನು ದಪ್ಪ ನೈಲಾನಿಗೆ ಸೇರಿಸುವ ಗಂಟೂ ಅವರದೇ. ಎಡಗೈಯಿಂದ ಸುತ್ತಿ, ತುದಿಯನ್ನು ಹಲ್ಲಿನಿಂದ ಎಳೆದರೆ ಜೋಳದ ಕಾಳಿನಷ್ಟು ಚಪ್ಪಟೆ ಗಂಟು ಕೂರುತ್ತಿತ್ತು. ತುದಿ ಎಡಕ್ಕೆ ಹೊರಳಿ ತನ್ನ ಕೆಳಗೇ ಅಡಗುತ್ತಿತ್ತು. ಹಾಕಿದ ಮೇಲೆ ಎರಡು ಸಲ ಸಣ್ಣಗೆ ಜಗ್ಗಿ ನೋಡುತ್ತಿದ್ದರು. ಮೂರನೆಯ ಸಲ ಜಗ್ಗಿದ್ದನ್ನು ನಾನು ನೋಡಿಲ್ಲ.

ನನಗೆ ಆ ದಾರದ ಮೇಲೆ ಸಿಟ್ಟು. ಗುಂಡು ಕಲ್ಲಿನ ಸಂದಿಯಲ್ಲಿ ಸಿಕ್ಕಿದಾಗಲೆಲ್ಲ ಅದು ಪಟ್ಟನೆ ಹರಿಯುತ್ತಿತ್ತು. ಹಳೆಯ ಬ್ಯಾಟರಿಯ ಸೀಸ ಕರಗಿಸಿ, ಇಟ್ಟಿಗೆಯ ಕುಳಿಯಲ್ಲಿ ಹೊಯ್ದು, ಬೆರಳು ಸುಟ್ಟುಕೊಂಡು ನಾನು ಮಾಡಿದ ಗುಂಡುಗಳು ಒಂದೊಂದಾಗಿ ಹಳ್ಳದ ಪಾಲಾಗುತ್ತಿದ್ದವು. ಒಂದು ಸಲ ಹುಬ್ಬಳ್ಳಿಯಿಂದ ಗಟ್ಟಿ ನೈಲಾನ್ ದಾರದ ಉಂಡೆ ತಂದು ಗಾಳ, ಗುಂಡು ಎಲ್ಲವನ್ನೂ ಅದರಲ್ಲೇ ಕಟ್ಟಿದೆ. ದಾರ ಕೈಜಾರಿ ಹೋಗದಿರಲಿ ಎಂದು ಅದರ ಇನ್ನೊಂದು ತುದಿಯನ್ನು ಮಣಿಕಟ್ಟಿಗೆ ಬಿಗಿದುಕೊಂಡೆ. ಕಾಕಾ ಅದನ್ನು ನೋಡಿ ಬೀಡಿ ಕೆಳಗಿಟ್ಟರು.

“ಮಾಸ್ತರ, ಗುಂಡಿಗೆ ಇದನ್ನ ಕಟ್ಟಬ್ಯಾಡ್ರಿ. ಮೊದಲ ಗುಂಡು ಹೋಗಬೇಕು, ಆಮ್ಯಾಲೆ ಗಾಳ, ಕಡೀಕ ದಾರ. ಮನಷ್ಯಾ ಹೋಗಬಾರದು.”

“ಕಾಕಾ, ನಿಮ್ಮ ಕಾಲ ಮುಗೀತು,” ಎಂದೆ. “ಗೊಬ್ಬರ ಚೀಲದ ದಾರಾ ಕಟ್ಟಿಕೊಂಡು ಎಷ್ಟ ದಿನಾ ಅಂತ ಕೂಡ್ತೀರಿ?”

ಅವರಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. “ಗಂಟು ಹೆಂಗ ಹಾಕೂದಂತ ಒಂದ ಸಲಾ ಕೇಳ್ರಿ, ಕಲಸ್ತೀನಿ. ನೀವು ಕೇಳೂದಿಲ್ಲ, ಅದ ನಿಮ್ಮ ರೋಗ,” ಎಂದು ಎದ್ದು ಹೋದರು.

ನಾನು ಕೇಳಲಿಲ್ಲ. ಅವರು ಕೂರುವ ಜಾಗದಿಂದ ದೂರ, ಕುಸಿದ ಹಳೆಯ ಒಡ್ಡಿನ ಕಲ್ಲುಗಳ ಹತ್ತಿರ ಹೋಗಿ ಕೂರತೊಡಗಿದೆ. ಮುಂಗಾರಿನ ಹೊತ್ತಿಗೆ ಕಾಕಾ ತೀರಿಕೊಂಡರು. ಮಣ್ಣಿಗೆ ಇಡೀ ಊರು ಹೋಯಿತು. ಶಾಲೆಯ ತನಿಖೆ ಇದೆ ಎಂದು ನೆಪ ಹೇಳಿ ನಾನು ಹೋಗಲಿಲ್ಲ. ತನಿಖೆ ಇರಲಿಲ್ಲ. ಹೋದರೆ ಸೋತಂತೆ ಎಂದು ಅನಿಸಿತ್ತು. ಸತ್ತವರ ಜೊತೆ ಎಂಥ ಸೋಲು ಗೆಲುವು ಎಂದು ನೀವು ಕೇಳಬಹುದು. ಕೇಳಿರಿ, ನನಗೂ ಗೊತ್ತಿಲ್ಲ.

ಎರಡು ತಿಂಗಳ ಮೇಲೆ ಆ ರವಿವಾರ ಬಂತು. ಬೆಳಿಗ್ಗೆ ಪಡಸಾಲೆಯಲ್ಲಿ ಕೂತು ಹೊಸದಾಗಿ ಎಲ್ಲ ಕಟ್ಟಿದೆ. ಗುಂಡಿಗೆ ಗಟ್ಟಿ ನೈಲಾನ್, ಎರಡೆರಡು ಗಂಟು, ಬಿಚ್ಚದ ಹಾಗೆ ತುದಿಗಳನ್ನು ಕಡ್ಡಿ ಗೀರಿ ಸುಟ್ಟೆ. ವಾಸನೆಗೆ ಅವ್ವ ಒಳಗಿನಿಂದಲೇ “ಏನ್ ಸುಡಾಕತ್ತೀಯೋ, ಪೂಜಾ ಹೊತ್ತಿನ್ಯಾಗ?” ಎಂದು ಬೈದಳು. ಅವಳು ಬೈದದ್ದನ್ನು ಬೇಕೆಂದೇ ಬರೆಯುತ್ತಿದ್ದೇನೆ. ಅಂದು ನಾನು ನೈಲಾನ್ ಕಟ್ಟಿದ್ದು ಕನಸಲ್ಲ. ಹಳ್ಳಕ್ಕೆ ಹೋಗಿ ಎರೆಹುಳು ಚುಚ್ಚುವಾಗಲೂ ಗುಂಡು ನನ್ನ ತೊಡೆಯ ಮೇಲಿತ್ತು, ಅದರ ದಾರ ಬಿಸಿಲಿಗೆ ಬೆಳ್ಳಗೆ ಹೊಳೆಯುತ್ತಿತ್ತು.

ಎರಡನೆಯ ಸಲ ಎಸೆದಾಗ ಗುಂಡು ಒಡ್ಡಿನ ಕಲ್ಲುಗಳ ನಡುವೆ ಸಿಕ್ಕಿಕೊಂಡಿತು. ಜಗ್ಗಿದೆ, ಬರಲಿಲ್ಲ. ನೀರು ಮೊಣಕಾಲಿನಷ್ಟೇ ಇತ್ತು. ಧೋತರ ಎತ್ತಿ ಕಟ್ಟಿ ಇಳಿದೆ. ಸಡಿಲಾದ ದಾರವನ್ನು ಮಣಿಕಟ್ಟಿಗೆ ಸುತ್ತಿಕೊಳ್ಳುತ್ತ ಹೋದೆ. ಕಲ್ಲಿನ ಹತ್ತಿರ ಬಗ್ಗಿ ಕೈ ಆಡಿಸಿದಾಗ ನೀರಿನ ಬಣ್ಣ ಬದಲಾದದ್ದು ಕಂಡಿತು. ತಲೆ ಎತ್ತಿದೆ. ನಮ್ಮ ಕಡೆ ಒಂದು ಮೋಡವೂ ಇರಲಿಲ್ಲ. ಬೆಣ್ಣಿಹಳ್ಳದ ಗುಣ ಬಲ್ಲವರಿಗೆ ಗೊತ್ತು, ಮೇಲೆ ಎಲ್ಲೋ ಮಳೆಯಾದರೆ ಇಲ್ಲಿ ಬಿಸಿಲಿನಲ್ಲೇ ಹಳ್ಳ ಬರುತ್ತದೆ. ಕಣಿಕೆ, ಮುಳ್ಳುಕಂಟಿ, ನೊರೆ ಹೊತ್ತ ಕೆಸರು ನೀರು ಒಮ್ಮೆಲೇ ಸೊಂಟಕ್ಕೆ ಬಂತು.

ಓಡಬೇಕೆಂದು ತಿರುಗಿದೆ. ಕೈ ಬರಲಿಲ್ಲ. ನಾನೇ ಸುತ್ತಿಕೊಂಡ ದಾರ ಮಣಿಕಟ್ಟನ್ನು ಕಲ್ಲಿಗೆ ಬಿಗಿದಿತ್ತು. ಸುತ್ತು ಬಿಚ್ಚಲು ಹೋದೆ. ಒದ್ದೆಯಾದ ನೈಲಾನ್ ಮಾಂಸದೊಳಗೆ ಇಳಿದು ಹೋಗಿತ್ತು. ಬ್ಲೇಡು ದಂಡೆಯ ಮೇಲಿನ ಚೀಲದಲ್ಲಿತ್ತು. ನೀರು ಎದೆಗೆ ಬಂತು, ಗದ್ದಕ್ಕೆ ಬಂತು, ಕಾಲು ನೆಲ ಬಿಟ್ಟಿತು. ಮೈಯೆಲ್ಲ ಪ್ರವಾಹದ ಕಡೆ, ಒಂದು ಕೈ ಮಾತ್ರ ಕಲ್ಲಿನ ಕಡೆ. ನಾನು ಹೆದರಿದೆ. ದೇವರನ್ನು ನೆನೆದೆನೇ ಎಂದು ಆಮೇಲೆ ಬಹಳ ಜನ ಕೇಳಿದರು. ಇಲ್ಲ. ನೆನೆದದ್ದು ಬ್ಲೇಡನ್ನು.

ಆಗ ದಾರವನ್ನು ಆ ತುದಿಯಿಂದ ಯಾರೋ ಎರಡು ಸಲ ಸಣ್ಣಗೆ ಜಗ್ಗಿದ ಹಾಗಾಯಿತು. ನೀರಿನ ಎಳೆತ ಹಾಗಿರುವುದಿಲ್ಲ. ನೀರು ಒಂದೇ ಸಮನೆ ಎಳೆಯುತ್ತದೆ. ಇದು ಒಂದು ಸಲ, ಬಿಟ್ಟು ಇನ್ನೊಂದು ಸಲ. ಮೂರನೆಯದು ಬರಲಿಲ್ಲ. ಕೈ ಸಡಿಲಾಯಿತು. ನೀರು ನನ್ನನ್ನು ಹೊತ್ತು ಒಯ್ದು ತಿರುವಿನ ಜಾಲಿ ಕಂಟಿಗೆ ಬಡಿಯಿತು. ಮುಳ್ಳನ್ನೇ ತಬ್ಬಿಕೊಂಡು ಮೇಲೆ ಹತ್ತಿದೆ.

ಉಸಿರು ತಿರುಗಿದ ಮೇಲೆ ಮಣಿಕಟ್ಟಿನ ದಾರವನ್ನು ಬಿಚ್ಚಿ ಎಳೆದುಕೊಂಡೆ. ಗಾಳ ಇತ್ತು. ಗುಂಡು ಹೋಗಿತ್ತು. ಗುಂಡು ಇರಬೇಕಾದ ಕಡೆ ಬೆರಳುದ್ದದ ಕಂದು ದಾರ ತೂಗುತ್ತಿತ್ತು, ಜಾಲಿ ತೊಗಟೆಯ ಬಣ್ಣದ್ದು. ಅದನ್ನು ನೈಲಾನಿಗೆ ಸೇರಿಸಿದ್ದು ಜೋಳದ ಕಾಳಿನಷ್ಟು ಚಪ್ಪಟೆ ಗಂಟು, ತುದಿ ಎಡಕ್ಕೆ ಹೊರಳಿ ಕೆಳಗೆ ಅಡಗಿತ್ತು. ನಾನು ಹಾಕಿದ, ಸುಟ್ಟ ತುದಿಯ ಗಂಟುಗಳ ಗುರುತೂ ಇರಲಿಲ್ಲ.

ಒದ್ದೆ ಬಟ್ಟೆಯಲ್ಲೇ ನೇರವಾಗಿ ಕಾಕಾನ ಮನೆಗೆ ಹೋದೆ. ಅವರ ಹೆಂಡತಿ ನೀಲವ್ವ ಜೋಳ ಕೇರುತ್ತಿದ್ದರು. ದಾರ ಮುಂದೆ ಹಿಡಿದೆ. ಅವರು ಮೊರ ಕೆಳಗಿಟ್ಟು ಗಂಟನ್ನು ಹೆಬ್ಬೆರಳಿನಿಂದ ಸವರಿ ನೋಡಿದರು.

“ಇದು ಅವರದ ಗಂಟ್ರಿ. ಎಲ್ಲೆ ಸಿಕ್ತು?”

ನಡೆದದ್ದನ್ನು ಹೇಳಿ, ಕಾಕಾನ ಕಂದು ದಾರದ ಉಂಡೆ ಈಗ ಯಾರ ಹತ್ತಿರ ಇದೆ ಎಂದು ಕೇಳಿದೆ.

“ಯಾರ ಹಂತ್ಯಾಕೂ ಇಲ್ರಿ. ಅವರ ಕೂಡನ ಮಣ್ಣಿಗೆ ಇಟ್ಟೀವಿ. ನೀವು ಬಂದಿದ್ರ ನೋಡತಿದ್ರಿ.” ಅಷ್ಟು ಹೇಳಿ ಮತ್ತೆ ಮೊರ ಎತ್ತಿಕೊಂಡರು. ಆ ಮಾತು ನನಗೆ ಚುಚ್ಚಿತು. ಈಗಲೂ ಚುಚ್ಚುತ್ತದೆ.

ಊರಿಗೆ ಸುದ್ದಿಯಾಯಿತು. ಹಿರಿಯರು ಹಳ್ಳಕ್ಕೆ ಸೀರೆ, ಕಾಯಿ ಇಟ್ಟು ಉಡಿ ತುಂಬಿಸು ಎಂದರು. ಅವ್ವ ಇದು ಮೀನಿನ ಪಾಪ, ಇನ್ನಾದರೂ ಬಿಡು ಎಂದು ಅತ್ತಳು. ಪಾಪವಾಗಿದ್ದರೆ ಮುಳುಗಿಸಬೇಕಿತ್ತು, ಬದುಕಿಸಿದ್ದು ಯಾಕೆ ಎಂದು ಕೇಳಿದೆ. ಉಡಿ ತುಂಬಿಸಲಿಲ್ಲ, ಕಾಯಿ ಒಡೆಯಲಿಲ್ಲ. ಮುಂದಿನ ರವಿವಾರ, ಕೈಗೆ ಬಟ್ಟೆ ಸುತ್ತಿಕೊಂಡು ಅದೇ ಒಡ್ಡಿನ ದಂಡೆಯಲ್ಲಿ, ಎಲ್ಲರಿಗೂ ಕಾಣುವ ಹಾಗೆ ಕೂತೆ.

ಬುದ್ಧಿವಂತರನ್ನೂ ನಾನು ಬಿಟ್ಟಿಲ್ಲ. ನೈಲಾನ್ ಕಲ್ಲಿಗೆ ಉಜ್ಜಿ ಹರಿದಿದೆ, ಎಲ್ಲಿಂದಲೋ ತೇಲಿ ಬಂದ ಹಳೆಯ ದಾರ ಸಿಕ್ಕಿಕೊಂಡಿದೆ ಎಂದು ನಮ್ಮ ಶಾಲೆಯ ಇನ್ನೊಬ್ಬ ಮಾಸ್ತರರು ವಿವರಿಸಿದರು. ತೇಲಿ ಬಂದ ದಾರ ಸಿಕ್ಕಿಕೊಳ್ಳಬಹುದು ಸ್ವಾಮಿ, ಗಂಟು ಹಾಕಿಕೊಳ್ಳುವುದಿಲ್ಲ. ಹಾಗಾದರೆ ಮರೆವಿನಲ್ಲಿ ನೀವೇ ಕಟ್ಟಿರಬೇಕು ಎಂದರು. ಈ ಮಾತನ್ನು ಒಪ್ಪಲು ನಾನು ಸಿದ್ಧನಿದ್ದೆ, ದೆವ್ವಕ್ಕಿಂತ ಮರೆವು ಎಷ್ಟೋ ಮೇಲು. ಆದರೆ ಆ ಗಂಟು ನನಗೆ ಬರುವುದಿಲ್ಲ. ಎಡಗೈಯಲ್ಲಿ ಹಾಕಿ ನೋಡಿದ್ದೇನೆ, ಎರಡು ಬೆರಳು ಮಡಚಿಕೊಂಡು ಹಾಕಿ ನೋಡಿದ್ದೇನೆ. ಪಿಂಚಣಿ ಬಂದ ಮೇಲೂ ಕೂತು ಹಾಕಿ ನೋಡಿದ್ದೇನೆ. ಗಂಟು ಒಮ್ಮೆಯೂ ಕೂತಿಲ್ಲ.

ಆ ದಾರದ ತುಂಡು ಇಂದಿಗೂ ನನ್ನ ಕಡ್ಡಿಪೆಟ್ಟಿಗೆಯಲ್ಲಿದೆ. ಅದನ್ನು ಒಂದೊಂದೇ ಸುತ್ತು ಬಿಚ್ಚಿ ನೋಡಿದರೆ ಹಾಕುವ ರೀತಿ ತಿಳಿಯುತ್ತದೆ ಎಂದು ನನ್ನ ಮಗಳು ಹೇಳುತ್ತಾಳೆ. ತಿಳಿಯಬಹುದು. ಬಿಚ್ಚುವುದಿಲ್ಲ. ಕೇಳಿದರೆ ಕಲಿಸುತ್ತೇನೆ ಎಂದು ಕಾಕಾ ಹೇಳಿದ್ದರು. ಹಳ್ಳ ಇಳಿದ ಮೇಲೆ, ಯಾರೂ ಇಲ್ಲದಾಗ, ಆ ಒಡ್ಡಿನ ಕಲ್ಲಿನ ಮೇಲೆ ಕೂತು ನಾನು ಕೇಳಿದ್ದೇನೆ, ಬಾಯಿಬಿಟ್ಟು, ಒಂದಲ್ಲ ಹತ್ತು ಸಲ. ಈಗ ಅವರು ಕಲಿಸುತ್ತಿಲ್ಲ.